ಪುಟ್ಟಿ ಮ್ಯೂನಿಕ್‌ಗೆ ಬರೋ ಮುಂಚೆ, ಅತ್ತಿಗೆಗೆ

ಅತ್ತಿಗೆ, ಬೆಳಿಗ್ಗೆ ಗ್ರೂಪಲ್ಲಿ ನೀವು ಹಾಕಿದ್ದು ಈಗ ನೋಡ್ದೆ. ಪುಟ್ಟಿ, ಅಳಿಯಂದ್ರು ಎರಡು ವರ್ಷಕ್ಕೆ ಇಲ್ಲಿಗೇ, ಮ್ಯೂನಿಕ್‌ಗೇ ಬರ್ತಿದಾರೆ ಅಂದ್ರೆ ನನಗಂತೂ ಕೈಗೆ ಬಲ ಬಂದ ಹಾಗಾಯ್ತು. ಏನೇನು ಕಟ್ಟಿ ಕಳಿಸಲಿ ಅಂತ ಕೇಳಿದೀರಿ, ಅವರು ಆಫೀಸಿಗೆ ಹೋದ್ಮೇಲೆ ಇವಳೊಬ್ಬಳೇ ಮನೇಲಿ ಏನು ಮಾಡ್ತಾಳೆ ಅಂತಾನೂ ಕೇಳಿದೀರಿ. ಟೈಪ್ ಮಾಡೋಕೆ ಕೂತ್ರೆ ಸಂಜೆಯಾಗತ್ತೆ, ಅದಕ್ಕೇ ಮಾತಾಡಿ ಕಳಿಸ್ತಿದೀನಿ. ಉದ್ದ ಆಯ್ತು ಅಂತ ಅಣ್ಣ ಬೈಕೋಬಾರ್ದು.

ಮೊದಲು ಲಗೇಜು. ತುಪ್ಪ ಬೇಡ. ಪೇಡಾ, ಕೋವಾನೂ ಬೇಡ. ಹಾಲಿಂದ ಮಾಡಿದ್ದನ್ನ ಹೊರಗಿನ ದೇಶದಿಂದ ಯುರೋಪಿಯನ್ ಯೂನಿಯನ್ ಒಳಗೆ ಬ್ಯಾಗಲ್ಲಿ ತರೋ ಹಾಗಿಲ್ಲ, ಕಣ್ಣಿಗೆ ಬಿದ್ರೆ ಏರ್‌ಪೋರ್ಟಲ್ಲೇ ಕಿತ್ಕೋತಾರೆ. ಹಸಿ ಕರಿಬೇವೂ ಅಷ್ಟೇ, ಸೊಪ್ಪು, ಹಣ್ಣು, ತರಕಾರಿಗೆಲ್ಲ ಹುಳ, ರೋಗ ಇಲ್ಲ ಅನ್ನೋ ಸರ್ಟಿಫಿಕೇಟ್ ಬೇಕು. ಸರ್ಟಿಫಿಕೇಟ್ ಬೇಡ ಅಂತ ಬಿಟ್ಟಿರೋದು ಅನಾನಸ್, ಬಾಳೆಹಣ್ಣು, ಖರ್ಜೂರ, ದುರಿಯನ್, ಆಮೇಲೆ ತೆಂಗಿನಕಾಯಿ! ತಿಪಟೂರಿನವರು ಯಾರೋ ಬಂದು ಲಾಬಿ ಮಾಡಿರಬೇಕು ಅಂತಾರೆ ಇವರು. ಹಾಗಂತ ಕಾಯಿ ಹೊರಿಸಿ ಕಳಿಸ್ಬೇಡಿ ಮತ್ತೆ, ಏಷ್ಯನ್ ಅಂಗಡಿ ಫ್ರೀಜರಲ್ಲಿ ತುರಿದಿದ್ದೇ ಸಿಗತ್ತೆ.

ಮಿಕ್ಸಿ ತರಲಿ, ಕರೆಂಟು ನಮ್ಮ ಥರಾನೇ 230 ವೋಲ್ಟು. ಮೂರು ದಪ್ಪ ಕಾಲಿನ ಪ್ಲಗ್ಗು ಮಾತ್ರ ಇಲ್ಲಿನ ಸಾಕೆಟ್ಟಿಗೆ ಹೋಗಲ್ಲ, ಗಟ್ಟಿಯಾದ ಅಡಾಪ್ಟರ್ ಬೇಕು. ಕುಕ್ಕರ್ ಸ್ಟೀಲಿಂದೇ ಕೊಡ್ಸಿ. ಮನೇಲಿ ಇಂಡಕ್ಷನ್ ಒಲೆ ಇದ್ರೆ ಅಲ್ಯೂಮಿನಿಯಮ್ ಕುಕ್ಕರ್ ಬಿಸೀನೇ ಆಗಲ್ಲ. ಬೇಳೆ, ಅಕ್ಕಿ ಹೊತ್ಕೊಂಡು ಬರೋದು ದಂಡ. ಮುಖ್ಯ ರೈಲ್ವೆ ಸ್ಟೇಷನ್ ಪಕ್ಕದಲ್ಲಿ ಲಾಂಡ್‌ವೇರ್‌ಸ್ಟ್ರಾಸೆ ಅಂತ ಬೀದಿ, ಅಲ್ಲಿ ಟರ್ಕಿಯವರ ಅಂಗಡೀಲಿ ಕೊತ್ತಂಬರಿ, ಪುದೀನ, ಬೆಂಡೇಕಾಯಿ ಎಲ್ಲಾ ಇರತ್ತೆ. ನಲ್ಲಿ ನೀರು ಹಾಗೇ ಕುಡೀಬಹುದು. ಆಲ್ಪ್ಸ್ ಕಡೆ ಮಾಂಗ್‌ಫಾಲ್ ಕಣಿವೆಯಿಂದ 1883ರಿಂದ ಬರ್ತಿರೋ ನೀರು, ರುಚಿ ಅಂದ್ರೆ ರುಚಿ. ಆದ್ರೆ ಗಡಸು. ಕೆಟಲ್ ತಳದಲ್ಲಿ ಸುಣ್ಣ ಬಳಿದ ಹಾಗೆ ಬಿಳೀ ಪದರ ಕಟ್ಟತ್ತೆ, ಬೇಳೆಗೆ ಒಂದು ಕೂಗು ಜಾಸ್ತೀನೇ ಕೂಗಿಸ್ಬೇಕು.

ಒಗ್ಗರಣೆ ವಿಷಯ ಹೇಳಲೇಬೇಕು. ಇಲ್ಲಿ ಮಲಗೋ ಕೋಣೇಲಿ, ನಡುಮನೇ ಓಣೀಲಿ ಹೊಗೆ ಬಂದ್ರೆ ಕಿರುಚೋ ಬಿಲ್ಲೆ ಸೂರಿಗೆ ಅಂಟಿಸಿರ್ತಾರೆ. ಕಾನೂನು ಅದು. ನಮ್ಮನೇಲಿ ಅದು ಅಡಿಗೆಮನೆ ಬಾಗಿಲ ಮುಂದೇನೇ ಇದೆ. ಬ್ಯಾಡಗಿ ಮೆಣಸಿನಕಾಯಿ ಎಣ್ಣೆಗೆ ಬೀಳೋದೇ ತಡ, ಇವರು ಟವೆಲ್ ತಗೊಂಡು ಸ್ಟೂಲ್ ಹತ್ತಿ ಆ ಬಿಲ್ಲೆಗೆ ಚಾಮರ ಬೀಸ್ತಾ ನಿಂತ್ಕೋತಾರೆ. ಮದುವೆಯಾದಾಗಿನಿಂದ ಒಗ್ಗರಣೆ ಹೊತ್ತಿಗೆ ಅಡಿಗೆಮನೆ ಕಡೆ ತಲೆ ಹಾಕದೇ ಇದ್ದ ಮನುಷ್ಯ! ಕಿಟಕಿ ಪೂರ್ತಿ ತೆಗೆದಿಟ್ಟು ಒಗ್ಗರಣೆ ಹಾಕು ಅಂತ ಪುಟ್ಟಿಗೆ ಹೇಳಿ. ಅಡಿಗೆ ಇಲ್ಲದಿದ್ರೂ ದಿನಾ ಎರಡು ಮೂರು ಸಲ, ಮೈನಸ್ ಚಳೀಲೂ, ಐದು ನಿಮಿಷ ಕಿಟಕಿ ತೆಗೀಲೇಬೇಕು. ಇಲ್ದಿದ್ರೆ ಗೋಡೆಗೆ ಬೂಸ್ಟು ಬಂದು ಮನೆ ಓನರ್ ಹತ್ರ ಜಗಳ ಆಗತ್ತೆ.

ಭಾನುವಾರ ಅಂಗಡಿಗಳು ಬಂದ್. ರೈಲ್ವೆ ಸ್ಟೇಷನ್ ಒಳಗಿನವು, ಎಲ್ಲೋ ಒಂದೊಂದು ಬೇಕರಿ ಬಿಟ್ರೆ ಏನಿಲ್ಲ. ವಾರದ ದಿನಾನೂ ರಾತ್ರಿ ಎಂಟಕ್ಕೆ ಬಾಗಿಲು ಹಾಕ್ತಾರೆ. ಭಾನುವಾರ ವ್ಯಾಕ್ಯೂಮ್ ಹಾಕ್ಬಾರ್ದು, ಗೋಡೆಗೆ ಮೊಳೆ ಹೊಡೀಬಾರ್ದು. ದೋಸೆ ಹಿಟ್ಟು ಶನಿವಾರವೇ ರುಬ್ಬಿಟ್ಕೋಬೇಕು. ಕಸದ್ದು ದೊಡ್ಡ ಪುರಾಣ. ಪೇಪರ್ ಬೇರೆ, ಅಡಿಗೆ ಕಸ ಬೇರೆ, ಗಾಜಿನ ಬಾಟಲು ಬೀದಿ ಮೂಲೆ ಡಬ್ಬಕ್ಕೆ, ಅದ್ರಲ್ಲೂ ಬಿಳಿ, ಹಸಿರು, ಕಂದು ಬೇರೆ ಬೇರೆ. ಆ ಡಬ್ಬಕ್ಕೆ ಹಾಕೋಕೂ ಬೆಳಿಗ್ಗೆ ಏಳರಿಂದ ಸಂಜೆ ಏಳರ ಒಳಗೆ ಹೋಗ್ಬೇಕು, ಯಾಕಂದ್ರೆ ಗಾಜು ಒಡೆಯೋ ಸದ್ದಿಗೆ ಪಕ್ಕದವರಿಗೆ ತೊಂದ್ರೆ. ನೀರಿನ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಡೆಪಾಸಿಟ್, ಸೂಪರ್‌ಮಾರ್ಕೆಟ್ಟಿನ ಮಷೀನಿಗೆ ಹಾಕಿದ್ರೆ ಚೀಟಿ ಬರತ್ತೆ, ಬಿಲ್ಲಲ್ಲಿ ಕಳೀತಾರೆ. ಈ ಖಾತೆ ಪೂರ್ತಿ ಇವರದ್ದು. ಶನಿವಾರ ಚೀಲ ಹಿಡ್ಕೊಂಡು ಹೊರಡೋ ಗತ್ತು ನೋಡ್ಬೇಕು, ಬ್ಯಾಂಕಿಗೆ ದುಡ್ಡು ಕಟ್ಟೋಕೆ ಹೊರಟ ಹಾಗೆ.

ಇಷ್ಟು ಹೇಗೋ ಎಲ್ಲರೂ ಹೇಳ್ತಾರೆ, ಅತ್ತಿಗೆ. ನಾನು ಹೇಳ್ಬೇಕು ಅಂತಿರೋದು ಬೇರೆ. ಇಲ್ಲಿ ಫ್ಲ್ಯಾಟಿಗೆ ನಂಬರ್ ಇರಲ್ಲ. ಬೀದಿ ಬಾಗಿಲಲ್ಲಿ ಬೆಲ್ಲಿನ ಬೋರ್ಡು, ಒಂದೊಂದು ಗುಂಡಿ ಪಕ್ಕ ಒಂದೊಂದು ಹೆಸರು, ಟಪಾಲು ಡಬ್ಬಿ ಮೇಲೂ ಅದೇ. ಪೋಸ್ಟಿನವರು ಆ ಹೆಸರು ನೋಡೇ ಕಾಗದ ಹಾಕೋದು. ಇಲ್ಲಿ ಗಂಡ ಹೆಂಡತಿಗೆ ಸಾಮಾನ್ಯವಾಗಿ ಒಂದೇ ಮನೆತನದ ಹೆಸರು. ನಮ್ಮದು ಹಾಗಲ್ವಲ್ಲ, ಇವರ ಪಾಸ್‌ಪೋರ್ಟಲ್ಲಿ ಕೊನೇಲಿ ಊರಿನ ಹೆಸರು, ನನ್ನದರಲ್ಲಿ ಅಪ್ಪನ ಹೆಸರು. ಮನೆ ಓನರ್ ಅಂಟಿಸಿದ ಚೀಟೀಲಿ ಇವರದ್ದೊಂದೇ ಇತ್ತು, ನನ್ನ ಇನ್ಶೂರೆನ್ಸ್ ಕಾರ್ಡು ಬಂದ ದಾರೀಲೇ ವಾಪಸ್ ಹೋಯ್ತು. ಪುಟ್ಟಿ ಹೆಸರೂ ಮೊದಲನೇ ದಿನವೇ ಬೋರ್ಡಿಗೆ ಬೀಳ್ಬೇಕು. ಮನೆಗೆ ಬಂದ ಎರಡು ವಾರದೊಳಗೆ ಸಿಟಿ ಆಫೀಸಲ್ಲಿ ವಿಳಾಸ ರಿಜಿಸ್ಟರ್ ಮಾಡಿಸ್ಬೇಕು, ಅದಕ್ಕೆ ಓನರ್ ಕೊಡೋ ಪತ್ರದಲ್ಲೂ ಇಬ್ಬರ ಹೆಸರೂ ಇರಲಿ.

ಹಾಗೇ ಅವಳದ್ದೇ ಒಂದು ಬೀಗದ ಕೈ. ಇಲ್ಲಿ ಬಾಗಿಲು ಎಳೆದ್ರೆ ಸಾಕು ಹೊರಗಿಂದ ತೆರೆಯಲ್ಲ, ರಾತ್ರಿ ಹೊತ್ತಲ್ಲಿ ಬೀಗ ತೆಗೆಯೋನನ್ನ ಕರೆಸಿದ್ರೆ ನೂರಾರು ಯೂರೋ. ಅವಳದ್ದೇ ಒಂದು ಬಸ್ಸು, ರೈಲಿನ ತಿಂಗಳ ಪಾಸು. ಡಾಯ್ಚ್‌ಲಾಂಡ್ ಟಿಕೆಟ್ ಅಂತ, 2023ರ ಮೇ ತಿಂಗಳಲ್ಲಿ ಶುರುವಾದಾಗ 49 ಯೂರೋ ಇತ್ತು, 2025ಕ್ಕೆ 58 ಆಯ್ತು, 2026ರ ಜನವರಿಯಿಂದ 63. ಒಬ್ಬರದ್ದನ್ನ ಇನ್ನೊಬ್ಬರು ತೋರಿಸೋ ಹಾಗಿಲ್ಲ. ಗೇಟು ಗೀಟು ಏನಿರಲ್ಲ, ಮಾಮೂಲಿ ಬಟ್ಟೇಲಿ ಚೆಕಿಂಗ್‌ನವರು ಎದ್ದು ನಿಲ್ತಾರೆ, ಟಿಕೆಟ್ ಇಲ್ದಿದ್ರೆ 60 ಯೂರೋ ದಂಡ. ಮನೇಲಿರೋಳಿಗೆ ತಿಂಗಳಿಗೆ 63 ಯಾಕೆ ಅಂತ ಅಳಿಯಂದ್ರು ಲೆಕ್ಕ ಹಾಕ್ಬಹುದು, ನಮ್ಮನೇಲೂ ಹಾಕಿದ್ರು. ಆ ಲೆಕ್ಕಕ್ಕೆ ಒಪ್ಪಬೇಡ ಅಂತ ಸೋದರತ್ತೆ ಹೇಳಿದ್ಲು ಅನ್ನಿ. ಪಾಸ್ ಇದ್ರೆ ಕಾಲು ತಾನಾಗೇ ಹೊರಗೆ ಬೀಳತ್ತೆ. ಸಿಟಿಯ ಬಸ್ಸು, ಟ್ರಾಮು, ಮೆಟ್ರೋ ಎಲ್ಲಾ ಅದರಲ್ಲೇ. ದೊಡ್ಡ ಎಕ್ಸ್‌ಪ್ರೆಸ್ ಬಿಟ್ಟು ಸಾದಾ ರೈಲು ಹತ್ತಿದ್ರೆ ಆಸ್ಟ್ರಿಯಾದ ಸಾಲ್ಜ್‌ಬುರ್ಗ್‌ವರೆಗೂ ಅದೇ ಪಾಸು. ನಾವು ಪುಳಿಯೋಗರೆ ಡಬ್ಬಿ ಕಟ್ಕೊಂಡು ಬೆಳಿಗ್ಗೆ ಹೋಗಿ ರಾತ್ರಿ ಬರ್ತೀವಿ.

ಬೇಜಾರು ಆಗತ್ತಾ ಅಂದ್ರೆ, ಆಗತ್ತೆ, ಅತ್ತಿಗೆ, ಸುಳ್ಳು ಯಾಕೆ ಹೇಳ್ಲಿ. ಜೂನಲ್ಲಿ ರಾತ್ರಿ ಒಂಬತ್ತಾದ್ರೂ ಬೆಳಕು, ಇಸಾರ್ ಹೊಳೆ ದಂಡೇಲಿ ಜಾತ್ರೆ ಥರ ಜನ. ನವೆಂಬರ್ ಕೊನೆ, ಡಿಸೆಂಬರಲ್ಲಿ ಸಂಜೆ ನಾಲ್ಕೂವರೆ ಒಳಗೆ ಸೂರ್ಯ ಮುಳುಗಿರ್ತಾನೆ. ಇವರು ಬರೋದು ಆರೂವರೆಗೆ. ಆ ಎರಡು ಗಂಟೆ ಇದ್ಯಲ್ಲ, ಅದೇ ಕಷ್ಟ. ಫೋನ್ ಮಾಡೋಣ ಅಂದ್ರೆ ನಿಮಗಾಗ್ಲೇ ಊಟದ ಹೊತ್ತು, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ, ಬೇಸಿಗೇಲಿ ಮೂರೂವರೆ. (ಅಣ್ಣ ಐದೂವರೆಗೆ ಎದ್ದು ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಹಾಕೋವಾಗ ನಮಗೆ ರಾತ್ರಿ ಒಂದೋ ಎರಡೋ ಗಂಟೆ. ಅಣ್ಣಾ, ಕೇಳಿಸ್ತಾ?) ಹಾಗಾಗಿ ಚಳಿಗಾಲ ಶುರುವಾಗೋ ಮುಂಚೇನೇ ಅವಳು ಜರ್ಮನ್ ಕ್ಲಾಸಿಗೆ ಸೇರ್ಕೊಂಡಿರಲಿ. ಸಿಟಿಯವರದ್ದೇ ಫೋಕ್ಸ್‌ಹೋಖ್‌ಶೂಲೆ ಇದೆ, ಅಆಇಈಯಿಂದ ಹೇಳಿಕೊಡ್ತಾರೆ. ನನ್ನ ಕ್ಲಾಸಲ್ಲಿ ಉಕ್ರೇನಿನವರು, ಬ್ರೆಜಿಲ್‌ನವರು, ಟರ್ಕಿಯವರು. ನಮ್ಮ ಜರ್ಮನ್ ಕೇಳಿದ್ರೆ ಜರ್ಮನ್ನರು ಅಳ್ತಾರೆ, ಆದ್ರೆ ನಮಗೆ ನಮಗೆ ಚೆನ್ನಾಗಿ ಅರ್ಥ ಆಗತ್ತೆ. ಕ್ಲಾಸ್ ಮುಗಿದ್ಮೇಲೆ ಒಂದು ಕಾಫಿ ಕುಡಿದು ಮನೆಗೆ ಬರೋ ಹೊತ್ತಿಗೆ ಆ ಎರಡು ಗಂಟೆ ಕಳೆದಿರತ್ತೆ. ಯಾರ ಹೆಂಡತಿ ಅಂತ ಅಲ್ಲಿ ಯಾರೂ ಕೇಳಲ್ಲ.

ಸರಿ, ಟಿಕೆಟ್ ಬುಕ್ ಆದ್ಮೇಲೆ ತಾರೀಕು ಹಾಕಿ. ಶನಿವಾರ ರಾತ್ರಿಯೋ ಭಾನುವಾರವೋ ಇಳಿಯೋದಾದ್ರೆ ಮೊದಲೇ ಹೇಳಿ, ಹಾಲು, ಮೊಸರು, ಅಕ್ಕಿ ನಾನೇ ತಂದಿಟ್ಟಿರ್ತೀನಿ. ಏರ್‌ಪೋರ್ಟಿಂದ ಎಸ್1, ಎಸ್8 ಎರಡು ರೈಲೂ ಊರೊಳಗೆ ಬರತ್ತೆ, ಆದ್ರೂ ಇವರು ಹೋಗಿ ಕರ್ಕೊಂಡು ಬರ್ತಾರಂತೆ. ಆಮೇಲೆ ಚಿಕೋರಿ ಹಾಕಿಸಿದ ಕಾಫಿ ಪುಡಿ ಒಂದು ಕೆಜಿ ನನಗೇ ಅಂತ ಬೇರೆ ಕಟ್ಟಿಸಿ. ಅಣ್ಣಾ, ಲಗೇಜ್ ತೂಕ ಅಂತ ನೀನು ಶುರು ಮಾಡ್ಬೇಡ.