ಸ್ಪಿನಾಚ್ ಬೇಗ ಹೂವಿಗೆ ಬಂತು, ಜುಕಿನಿ ಕಾಯಿ ಬೆರಳುದ್ದಕ್ಕೇ ಉದುರುತ್ತಿದೆ

ಹಿತ್ತಲ ಅಕ್ಕ, ದಾವಣಗೆರೆ:
ನಮಸ್ಕಾರ. ಮನೆ ಹಿಂದೆ ಸ್ವಲ್ಪ ಎರೆ ಮಣ್ಣಿನ ಜಾಗ ಇದೆ. ಮಾರ್ಚ್ ಮೊದಲಲ್ಲಿ ‘ಬೇಬಿ ಸ್ಪಿನಾಚ್’ ಅಂತ ಬರೆದ ಪ್ಯಾಕೆಟ್ ತಂದು ಹಾಕಿದೆ, ಪಕ್ಕದಲ್ಲೇ ಜುಕಿನಿ (ಕುಂಬಳದ ಜಾತಿಯದು, ಎಳೆ ಕಾಯಿ ಸೌತೆ ತರ). ಸೊಪ್ಪು ಐದಾರು ಎಲೆ ಬಿಡುವಷ್ಟರಲ್ಲೇ ನಡುವೆ ಕಡ್ಡಿ ಎದ್ದು ಹೂವಿಗೆ ಬಂತು. ಒಂದು ಹೊತ್ತಿನ ಸಾರಿಗೂ ಆಗಲಿಲ್ಲ. ಜುಕಿನಿ ಗಿಡ ನೋಡೋಕೆ ಭರ್ಜರಿ, ಆದರೆ ಕಾಯಿ ಬೆರಳುದ್ದ ಆಗಿ ತುದಿಯಿಂದ ಹಳದಿಯಾಗಿ ಬಿದ್ದುಹೋಗುತ್ತೆ. ಅಂಗಡಿಯವರು ಯೂರಿಯಾ ಕೊಡಿ ಅಂದರು. ಕೊಡಲಾ?

ಬಳ್ಳಿಚಪ್ಪರ, ಹಿರಿಯೂರು:
ಯೂರಿಯಾ ಬೇಡವೇ ಬೇಡ ಅಕ್ಕಾ. ಎಲೆ ಜಾಸ್ತಿ ಆಗುತ್ತೆ, ಕಾಯಿ ನಿಲ್ಲಲ್ಲ.

ಮೊದಲು ಸೊಪ್ಪಿನ ವಿಷಯ. ನಾವು ಸಂತೆಯಲ್ಲಿ ತರೋ ಪಾಲಕ್ ಬೀಟ್‌ರೂಟ್ ಜಾತಿಯದು. ನೀವು ಹಾಕಿದ್ದು ಚಳಿ ಸೀಮೆಯ ಬೇರೆಯೇ ಗಿಡ. ಬಿಸಿಲೇರಿ ಹಗಲು ಉದ್ದ ಆಗುತ್ತಿದ್ದಂತೆ ಅದು ಬೀಜಕ್ಕೆ ಓಡುತ್ತೆ. ಉಳಿದ ಬೀಜ ಅಂಗೈ ಮೇಲೆ ಹಾಕಿ ನೋಡಿ. ನಮ್ಮ ಪಾಲಕ್ ಬೀಜ ಗಂಟುಗಂಟಾಗಿ ಒರಟಾಗಿರುತ್ತೆ, ಒಂದೊಂದು ಗಂಟಿನಿಂದ ಎರಡು ಮೂರು ಸಸಿ ಏಳುತ್ತವೆ. ನಿಮ್ಮದು ಒಂದೊಂದೇ ನುಣ್ಣನೆಯ ಕಾಳಾಗಿದ್ದರೆ ಅನುಮಾನವೇ ಇಲ್ಲ. ಅದನ್ನು ನವೆಂಬರಿಗೆ ಎತ್ತಿಡಿ.

ಈಗಲೂ ಪಾಲಕ್ಕೇ ಬೇಕು ಅಂದರೆ ‘ಆಲ್ ಗ್ರೀನ್’ ತಳಿ ಹಾಕಿ, ಇಲ್ಲ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಅನುಪಮಾ’. ರಾತ್ರಿ ನೆನೆಸಿ, ಮಧ್ಯಾಹ್ನದ ಬಿಸಿಲು ತಪ್ಪುವ ಕಡೆ ಬಿತ್ತಿ. ಬುಡ ಬಿಟ್ಟು ಕೊಯ್ದರೆ 15-20 ದಿನಕ್ಕೆ ಮತ್ತೆ ಚಿಗುರುತ್ತೆ. ಎರೆ ಮಣ್ಣಲ್ಲಿ ನೀರು ನಿಂತರೆ ಸಸಿ ಕೊಳೆಯುತ್ತೆ, ಹಾಗಾಗಿ ಪಾತಿ ಸ್ವಲ್ಪ ಎತ್ತರ ಇರಲಿ. ನನ್ನ ಕೇಳಿದರೆ ಏಪ್ರಿಲ್-ಮೇನಲ್ಲಿ ಪಾಲಕ್ ಹಿಂದೆ ಬೀಳೋದಕ್ಕಿಂತ ದಂಟು, ಬಸಳೆ ಹಾಕಿ ಆರಾಮಾಗಿರೋದು ವಾಸಿ.

ದುರ್ಗದ ಬಿಸಿಲು:
ಜುಕಿನಿಗೆ ಒಂದು ಪರೀಕ್ಷೆ ಮಾಡಿ. ಹಳದಿಯಾದ ಕಾಯಿಯನ್ನು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ. ಒಳಗೆ ಬಿಳಿ ಹುಳ, ಹೊರಗೆ ಸಣ್ಣ ಚುಚ್ಚಿದ ಗುರುತು, ಅದರ ಮೇಲೆ ಅಂಟು ಇದ್ದರೆ ಹಣ್ಣು ನೊಣ. ಏನೂ ಇಲ್ಲದಿದ್ದರೆ ಹೆಣ್ಣು ಹೂವಿಗೆ ಪರಾಗ ಸಿಕ್ಕಿಲ್ಲ ಅಂತ.

ಹಿತ್ತಲ ಅಕ್ಕ, ದಾವಣಗೆರೆ:
ಸೀಳಿ ನೋಡಿದೆ. ಹುಳ ಇಲ್ಲ, ಅಂಟೂ ಇಲ್ಲ. ಬರೀ ನೀರು ನೀರು.

ದುರ್ಗದ ಬಿಸಿಲು:
ಹಾಗಾದರೆ ಪರಾಗದ್ದೇ ಸಮಸ್ಯೆ. ಹೂ ಅರಳೋದು ಬೆಳಗಿನ ಜಾವ, ಬಿಸಿಲೇರಿದರೆ ಮುಚ್ಚಿಕೊಳ್ಳುತ್ತೆ. ಆ ಹೊತ್ತಲ್ಲಿ ಜೇನು ಬರದಿದ್ದರೆ ಕಾಯಿ ಕಚ್ಚಲ್ಲ. ಬೆಳಿಗ್ಗೆ ಏಳು-ಎಂಟು ಗಂಟೆಗೆ ಮೊದಲೇ ತೆಳು ತೊಟ್ಟಿನ ಗಂಡು ಹೂ ಕಿತ್ತು, ಎಸಳು ಸುಲಿದು, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವೆ ಸವರಿ. ಹೆಣ್ಣು ಹೂವಿನ ಕೆಳಗೆ ಪುಟ್ಟ ಕಾಯಿ ಇರುತ್ತೆ, ಗುರುತು ಸುಲಭ. ಬೇವಿನೆಣ್ಣೆ ಏನಾದರೂ ಹೊಡೆಯೋದಿದ್ದರೆ ಸಂಜೆ ಮಾತ್ರ, ಬೆಳಿಗ್ಗೆ ಹೊಡೆದರೆ ಬರೋ ಜೇನೂ ಬರಲ್ಲ.

ಮುಂದೆ ನೊಣ ಬಂದರೆ ಕ್ಯೂ ಲ್ಯೂರ್ ಬಲೆ (ವಾಸನೆಯಿಂದ ಗಂಡು ನೊಣವನ್ನು ಸೆಳೆದು ಹಿಡಿಯೋದು) ಕೇಳಿ ತನ್ನಿ. ಮಾವಿನ ತೋಟಕ್ಕೆ ಕಟ್ಟುವ ಬಲೆ ಬೇರೆ, ಅದಕ್ಕೆ ಬಳ್ಳಿ ತರಕಾರಿಯ ನೊಣ ಬೀಳಲ್ಲ.

ಬಳ್ಳಿಚಪ್ಪರ, ಹಿರಿಯೂರು:
ಜುಕಿನಿ ನಮ್ಮ ಕಡೆ ಚಳಿಗಾಲದ ಬೆಳೆ ಅಕ್ಕಾ, ಅಕ್ಟೋಬರಿನಿಂದ ಹಾಕಿದರೆ ಚೆನ್ನ. ಸೆಖೆಯಲ್ಲಿ ಗಂಡು ಹೂವೇ ಜಾಸ್ತಿ. ಪಲ್ಯ ಮಾಡಿದರೂ ಅಷ್ಟಕ್ಕಷ್ಟೇ. ಸಿಹಿಗುಂಬಳ ಹಾಕಿ ನೋಡಿ. ‘ಅರ್ಕಾ ಸೂರ್ಯಮುಖಿ’ ಕಾಯಿ ಕಿಲೋ ಆಸುಪಾಸು, ಚಿಕ್ಕ ಸಂಸಾರಕ್ಕೆ ಸಾಕು, ಹಣ್ಣು ನೊಣಕ್ಕೂ ತಡೆಯುತ್ತೆ. ‘ಅರ್ಕಾ ಚಂದನ್’ ಎರಡು ಮೂರು ಕಿಲೋ ಬರುತ್ತೆ, ಅದಕ್ಕೆ ಜಾಗ ಬೇಕು.

ಹಿತ್ತಲ ಅಕ್ಕ, ದಾವಣಗೆರೆ:
ನಾಳೆ ಬೆಳಿಗ್ಗೆಯೇ ಹೂ ಸವರುತ್ತೇನೆ. ಪಕ್ಕಪಕ್ಕ ಎರಡು ತರದ ಕುಂಬಳ ಹಾಕಿದರೆ ಕಾಯಿ ರುಚಿ ಕೆಡುತ್ತಾ?

ದುರ್ಗದ ಬಿಸಿಲು:
ಈ ಸಲದ ಕಾಯಿಗೆ ಏನೂ ಆಗಲ್ಲ. ಬೆರಕೆ ಆಗೋದು ಒಳಗಿನ ಬೀಜ. ಬೀಜ ಉಳಿಸಿಕೊಳ್ಳೋದಾದರೆ ಮಾರನೇ ದಿನ ಅರಳುವ ಹೆಣ್ಣು ಮೊಗ್ಗನ್ನೂ ಗಂಡು ಮೊಗ್ಗನ್ನೂ ಸಂಜೆಯೇ ದಾರದಲ್ಲಿ ಕಟ್ಟಿ. ಬೆಳಿಗ್ಗೆ ಬಿಚ್ಚಿ ಕೈಯಿಂದ ಸವರಿ ಹೆಣ್ಣು ಹೂವನ್ನು ಮತ್ತೆ ಕಟ್ಟಿಬಿಡಿ. ಪ್ಯಾಕೆಟ್ ಮೇಲೆ ಎಫ್1 (ಹೈಬ್ರಿಡ್) ಅಂತಿದ್ದರೆ ಆ ಕೆಲಸ ಬೇಡ, ಬೀಜ ತೆಗೆದು ಹಾಕಿದರೆ ಅದೇ ಕಾಯಿ ಬರಲ್ಲ.