ಹಳೆ ಟಾಟಾಮೊಬೈಲ್ ಮತ್ತೆ ರಸ್ತೆಗೆ: ಮೊದಲು ಏನು ಮಾಡಬೇಕು?

ಪ್ರಶ್ನೆ, ಸಿದ್ದಾಪುರ ತಾಲೂಕಿನಿಂದ

ನಮ್ಮ ಮನೆಯಲ್ಲಿ 1994ರ ಟಾಟಾಮೊಬೈಲ್ ಪಿಕಪ್ ಇದೆ. ದೊಡ್ಡಪ್ಪ ತೆಗೆದುಕೊಂಡ ಗಾಡಿ. ಸೊಪ್ಪು, ಗೊಬ್ಬರ, ಅಡಿಕೆ ಚೀಲ, ಔಷಧಿ ಡ್ರಮ್ಮು ಎಲ್ಲ ಅದರಲ್ಲೇ ಓಡಾಡುತ್ತಿತ್ತು. ದೊಡ್ಡಪ್ಪ ತೀರಿಕೊಂಡ ಮೇಲೆ ಕೊಟ್ಟಿಗೆ ಪಕ್ಕದ ಮಾಡಿನಡಿ ನಿಂತೇ ಇದೆ. ಕೆಎ-30 ನಂಬರು. ಆರ್‌ಸಿ ಪುಸ್ತಕದಲ್ಲಿ ಖಾಸಗಿ ಅಂತಿದೆ. ಗುಜರಿಯವರು ಆಗಾಗ ಕೇಳಿಕೊಂಡು ಬರುತ್ತಾರೆ. ಕೊಡಲು ನನಗೆ ಮನಸ್ಸಿಲ್ಲ. ಸರಿ ಮಾಡಿಸಿ ರಜೆಯ ದಿನ ದೊಡ್ಮನೆ ಘಟ್ಟ ಇಳಿದು ಕುಮಟಾ, ಗೋಕರ್ಣ ಕಡೆ ಓಡಿಸಬೇಕು ಅಂತ ಆಸೆ. ಮೆಕ್ಯಾನಿಕ್ ಒಬ್ಬರು "ಮೊದಲು ಇಂಜಿನ್ ಬಿಚ್ಚೋಣ" ಅನ್ನುತ್ತಾರೆ. ಹಾಗೇ ಮಾಡುವುದಾ? ಇಂಥ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಕಾರವಾರದಿಂದ

ಇಂಜಿನ್ ಕೊನೆಗೆ ನೋಡೋಣ ತಮ್ಮಾ. ಮೊದಲು ಗಾಡಿಯ ಕೆಳಗೆ ಮಲಗು.

ನಾನು ಬೈತಖೋಲ ಬಂದರದ ಕಡೆ ದೋಣಿಗಳ ಕಬ್ಬಿಣದ ಕೆಲಸ ಮಾಡುವವನು. ಹಳೆ ಪಿಕಪ್ಪುಗಳೂ ನನ್ನ ಹತ್ತಿರ ಬರುತ್ತವೆ. ನಮ್ಮ ಜಿಲ್ಲೆಯಲ್ಲಿ ಗಾಡಿ ಸಾಯುವುದು ಇಂಜಿನ್ನಿನಿಂದ ಅಲ್ಲ, ತುಕ್ಕಿನಿಂದ. ಇಂಜಿನ್ ಎಷ್ಟೇ ಕೆಟ್ಟಿರಲಿ, ದುಡ್ಡು ಕೊಟ್ಟರೆ ಎದ್ದು ಕೂರುತ್ತದೆ. ಚಾಸಿ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು, ಒಳಗಿಂದ ಟೊಳ್ಳಾಗಿದ್ದರೆ ಆ ದುಡ್ಡೆಲ್ಲ ಹೊಳೆಗೆ ಹೋದ ಹಾಗೆ.

ಒಂದು ಸಣ್ಣ ಸುತ್ತಿಗೆ, ಒಂದು ದಪ್ಪ ಸ್ಕ್ರೂಡ್ರೈವರ್ ತಗೋ. ಚಾಸಿಯ ಎರಡೂ ಉದ್ದ ಪಟ್ಟಿಗಳ ಮೇಲೆ ಗೇಣಿಗೊಂದರಂತೆ ಬಡಿಯುತ್ತಾ ಹೋಗು. ಒಳ್ಳೆ ಕಬ್ಬಿಣ ಠಣ್ ಅನ್ನುತ್ತದೆ. ತುಕ್ಕು ಹಿಡಿದದ್ದು ಡಬ್ ಅನ್ನುತ್ತದೆ, ಜೊತೆಗೆ ಪದರ ಉದುರುತ್ತದೆ. ಡಬ್ ಅಂದ ಕಡೆ ಸ್ಕ್ರೂಡ್ರೈವರ್ ಒತ್ತಿ ನೋಡು. ಒಳಗೆ ಹೋದರೆ ಅಲ್ಲಿ ಸೀಮೆಸುಣ್ಣದ ಗುರುತು ಹಾಕು. ಹಿಂದಿನ ಪ್ಲೇಟ್ ಸೆಟ್ಟು (ಸ್ಪ್ರಿಂಗ್ ಪಟ್ಟಿಗಳು) ಕೂರುವ ಬ್ರಾಕೆಟ್, ಬ್ಯಾಟರಿ ಕೆಳಗಿನ ತಟ್ಟೆ, ಪೆಡಲ್ ಕೆಳಗಿನ ತಗಡು, ಬಾಗಿಲ ಕೆಳಗಿನ ಅಂಚು, ಗಾಜಿನ ರಬ್ಬರಿನ ಮೂಲೆ, ಸಾಮಾನು ಹೇರುವ ತೊಟ್ಟಿ ಚಾಸಿಯ ಮೇಲೆ ಕೂರುವ ಜಾಗ ಇವನ್ನು ಬಿಡಬೇಡ. ಮಣ್ಣು ನಿಂತು ಒಣಗುವ ಜಾಗವೆಲ್ಲ ಅನುಮಾನದ ಜಾಗ. ನಮ್ಮ ಕೆಂಪು ಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ.

ಕರಾವಳಿಯ ಗಾಡಿಗಳದ್ದು ಬೇರೆ ಕಥೆ. ಮೀನು ಹೊತ್ತ ಪಿಕಪ್ಪಿನ ತೊಟ್ಟಿಯಿಂದ ಬರ್ಫದ ಉಪ್ಪುನೀರು ವರ್ಷಗಟ್ಟಲೆ ಚಾಸಿಯ ಮೇಲೆ ತೊಟ್ಟಿಕ್ಕಿರುತ್ತದೆ. ಅಂಥ ಗಾಡಿಯನ್ನು ಹವ್ಯಾಸಕ್ಕೆ ಕೊಳ್ಳಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ನಿನ್ನದು ಘಟ್ಟದ ಮೇಲಿನದು, ಪುಣ್ಯ. ಆದರೆ ಔಷಧಿ ಡ್ರಮ್ಮು ಅಂದೆಯಲ್ಲ, ಅಲ್ಲಿ ನನಗೆ ಹೆದರಿಕೆ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋದಲ್ಲಿ, ಅಂದರೆ ಮೈಲುತುತ್ತ, ಸುಣ್ಣದ ದ್ರಾವಣದಲ್ಲಿ, ಸುಣ್ಣ ಸಾಕಾಯಿತಾ ಅಂತ ನೋಡಲು ಚಾಕು ಅದ್ದುತ್ತೀರಿ, ಅಲ್ವಾ? ಸುಣ್ಣ ಕಮ್ಮಿ ಇದ್ದರೆ ಚಾಕುವಿನ ಮೇಲೆ ತಾಮ್ರ ಕೂರುತ್ತದೆ. ಅಲ್ಲಿ ಅಷ್ಟು ಕಬ್ಬಿಣ ಕರಗಿದೆ ಅಂತ ಅರ್ಥ. ಮೈಲುತುತ್ತದ ನೀರು ಚೆಲ್ಲಿದ ತೊಟ್ಟಿಯಲ್ಲೂ ಆಗುವುದು ಅದೇ. ತೊಟ್ಟಿ ಬಿಚ್ಚಿ ಕೆಳಗಿಳಿಸಿ ನೋಡದೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡ.

ಶಿರಸಿಯಿಂದ

ಸುತ್ತಿಗೆ ಹಿಡಿಯುವ ದಿನವೇ ಕಾಗದವನ್ನೂ ನೋಡಿಬಿಡಿ. ಚಾಸಿ ನಂಬರ್ ಇರುವ ಜಾಗ ಹುಡುಕಿ, ಮೆತ್ತಗೆ ಒರೆಸಿ, ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ಆರ್‌ಸಿಯ ನಂಬರಿಗೆ ಅಕ್ಷರ ಅಕ್ಷರ ತಾಳೆ ಆಗಬೇಕು. ಅಲ್ಲಿ ತುಕ್ಕಿದ್ದರೆ ಗ್ರೈಂಡರ್ ಮುಟ್ಟಿಸಲೇಬೇಡಿ. ನಂಬರ್ ಅಳಿದರೆ ಗಾಡಿ ನಿಮ್ಮದೇ ಅಂತ ತೋರಿಸುವುದು ಬಹಳ ಕಷ್ಟ.

ದೊಡ್ಡಪ್ಪನವರ ಹೆಸರಿನಲ್ಲಿದ್ದರೆ ವಾರಸುದಾರರ ಹೆಸರಿಗೆ ವರ್ಗ ಆಗಬೇಕು. ಅದಕ್ಕೆ ನಮೂನೆ 31. ಮರಣ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆ ಬೇಕಾಗುತ್ತದೆ. ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಒಟ್ಟಿಗೆ ಸಿಗುವ ಹಬ್ಬದ ದಿನವೇ ಸಹಿ ಹಾಕಿಸಿಕೊಳ್ಳಿ. ಖಾಸಗಿ ಗಾಡಿಗೆ ನೋಂದಣಿ 15 ವರ್ಷ. ಆಮೇಲೆ ನಮೂನೆ 25 ಕೊಟ್ಟು, ಗಾಡಿ ತೋರಿಸಿ, 5 ವರ್ಷಕ್ಕೊಮ್ಮೆ ನವೀಕರಣ. 20 ವರ್ಷ ದಾಟಿದ ಹಗುರ ವಾಹನಕ್ಕೆ ಈ ಶುಲ್ಕವನ್ನು 2025ರಲ್ಲಿ 10,000 ರೂಪಾಯಿಗೆ ಏರಿಸಿದರು. ಹಸಿರು ತೆರಿಗೆ ಬೇರೆ. ಪುಸ್ತಕದ ಕಾಲದ ಆರ್‌ಸಿ ಆಗಿದ್ದರೆ ಅದು ಕಂಪ್ಯೂಟರಿಗೆ ಏರಿದೆಯಾ ಅಂತ ಕಚೇರಿಯಲ್ಲಿ ಮೊದಲೇ ಕೇಳಿ. ಏರಿರದಿದ್ದರೆ ಬೇರೆ ಯಾವ ಅರ್ಜಿಯೂ ಮುಂದೆ ಹೋಗುವುದಿಲ್ಲ.

ದೆಹಲಿಯ 10 ವರ್ಷದ ಡೀಸೆಲ್ ನಿಯಮ ಇಲ್ಲಿಗೂ ಬಂತು ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಅದು ಅಲ್ಲಿಯ ನಿಯಮ. ಹಾಗೇ, ವಿಂಟೇಜ್ ಅಂತ ಮಾಡಿಸಿ ಅನ್ನುವವರೂ ಸಿಗುತ್ತಾರೆ. 2021ರ ಆ ನಿಯಮ 50 ವರ್ಷ ದಾಟಿದ ಗಾಡಿಗೆ ಮಾತ್ರ. ನಿಮ್ಮದಕ್ಕೆ ಇನ್ನೂ ಹೊತ್ತಿದೆ.

ಸಿದ್ದಾಪುರದಿಂದ, ನಿವೃತ್ತ ಚಾಲಕರೊಬ್ಬರು

ನಾನು ಬಾಳಿನ ಬಹುಪಾಲು ಘಟ್ಟ ಹತ್ತಿ ಇಳಿದವನು. ದೊಡ್ಮನೆ, ದೇವಿಮನೆ, ಅರಬೈಲು, ಅಣಶಿ ಎಲ್ಲವೂ ಗೊತ್ತು. ನಿನಗೆ ಹೇಳಬೇಕಾದದ್ದು ಬ್ರೇಕಿನ ಬಗ್ಗೆ. ಇದನ್ನು ಮನಸ್ಸಿಟ್ಟು ಓದು ಮಗಾ.

ನಿಂತ ಗಾಡಿಯ ಬ್ರೇಕು ಪೆಡಲ್ ಒತ್ತಿದಾಗ ಗಟ್ಟಿ ಅನ್ನಿಸಬಹುದು. ನಂಬಬೇಡ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಹೊಸ ಡಾಟ್ 3 ಆಯಿಲ್ 205 ಡಿಗ್ರಿಗೆ ಕುದಿಯುತ್ತದೆ. ನೀರು ಹೀರಿದ್ದು 140ಕ್ಕೇ ಕುದಿಯಬಹುದು. ಘಟ್ಟ ಇಳಿಯುವಾಗ ಒತ್ತಿ ಒತ್ತಿ ಬ್ರೇಕ್ ಕಾದಾಗ ಒಳಗೆ ಆವಿ ಏಳುತ್ತದೆ. ಆವಿ ಒತ್ತಿಕೊಳ್ಳುತ್ತದೆ, ಆಯಿಲಿನ ಹಾಗೆ ಬಲ ದಾಟಿಸುವುದಿಲ್ಲ. ಪೆಡಲ್ ಸೀದಾ ಕೆಳಗೆ ಹೋಗುತ್ತದೆ. ಅಂಗಳದಲ್ಲಿ ಚೆನ್ನಾಗಿದ್ದ ಬ್ರೇಕು ಆರನೇ ತಿರುವಿನಲ್ಲಿ ಇರುವುದಿಲ್ಲ.

ಆದ್ದರಿಂದ ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ರಬ್ಬರ್ ಹೋಸು ಎಲ್ಲ ಹೊಸದು ಹಾಕಿಸು. ಹಳೆಯದಕ್ಕೇ ರಬ್ಬರ್ ಕಿಟ್ ಹಾಕಿ ಸಾಗಿಸಬೇಡ. ಕಬ್ಬಿಣದ ಪೈಪಿನಲ್ಲಿ ತುಕ್ಕಿನ ಗುಳ್ಳೆ ಕಂಡರೆ ಅದೂ ಹೊಸದೇ. ಹ್ಯಾಂಡ್‌ಬ್ರೇಕ್ ತೂಕ ಹಾಕಿದ ಗಾಡಿಯನ್ನು ಏರಿನಲ್ಲಿ ಹಿಡಿದು ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಗಾಡಿ ಇನ್ನೂ ತಯಾರಾಗಿಲ್ಲ ಅಂತಲೇ ಲೆಕ್ಕ.

ಹಳೆ ಡ್ರೈವರುಗಳಲ್ಲಿ ಕೆಲವರು ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ, ಇಂಜಿನ್ ಬಂದ್ ಮಾಡಿ ಘಟ್ಟ ಇಳಿಸುತ್ತಿದ್ದರು. ಆ ಚಾಳಿ ನೀನು ಕಲಿಯಬೇಡ. ಡೀಸೆಲ್ ಇಂಜಿನ್‌ನಲ್ಲಿ ಪೆಡಲ್ ಹಗುರ ಮಾಡುವ ಬ್ರೇಕ್ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ ಕೊಡಲು ಬೇರೆ ಪಂಪೇ ಇರುತ್ತದೆ. ಇಂಜಿನ್ ನಿಂತರೆ ಅದೂ ನಿಲ್ಲುತ್ತದೆ. ಎರಡು ಮೂರು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಾಗುತ್ತದೆ. ಹತ್ತುವಾಗ ಯಾವ ಗೇರು ಬೇಕಾಯಿತೋ ಇಳಿಯುವಾಗಲೂ ಅದೇ ಗೇರು. ಗೇರನ್ನು ಇಳಿಜಾರಿಗೆ ಮೊದಲೇ ಹಾಕು. ಅರ್ಧದಲ್ಲಿ ಬದಲಿಸಲು ಹೋಗಿ ಗೇರು ಕೂರದಿದ್ದರೆ ಏನು ಮಾಡುತ್ತೀಯಾ?

ಟೈರಿನ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ. 2314 ಅಂತಿದ್ದರೆ 2014ರ 23ನೇ ವಾರದ ಟೈರು. ಟೈರಿನ ಗೀರು ಇನ್ನೂ ಆಳ ಇದೆ ಅಂತ ಆಸೆಪಡಬೇಡ, ರಬ್ಬರ್ ಬಿರುಕು ಬಿಟ್ಟಿರುತ್ತದೆ. ಐದೂ ಹೊಸದು ಹಾಕು. ಇನ್ನೊಂದು, ಖಾಲಿ ಪಿಕಪ್ಪಿನ ಹಿಂಬದಿ ಹಗುರ. ಮಳೆಯಲ್ಲಿ, ಪಾಚಿ ಕಟ್ಟಿದ ತಿರುವಿನಲ್ಲಿ ಹಿಂದಿನ ಗಾಲಿ ಜಾರುತ್ತದೆ. ಹಿಂದಿನ ಗಾಲಿಗಳ ನೇರಕ್ಕೆ ಎರಡು ಮರಳಿನ ಚೀಲ ಕಟ್ಟಿ ಇಡು.

ಕೇಳಿದವರು ಮತ್ತೆ

ಎಲ್ಲರಿಗೂ ತುಂಬಾ ಧನ್ಯವಾದ. ತೊಟ್ಟಿ ಇಳಿಸಿದೆವು. ಚಾಸಿ ಠಣ್ ಅಂತಿದೆ, ಬಲಬದಿಯ ಹಿಂದಿನ ಪ್ಲೇಟ್ ಬ್ರಾಕೆಟ್ ಒಂದು ಬಿಟ್ಟು. ತೊಟ್ಟಿಯ ತಳ ಪೂರ್ತಿ ಹೋಗಿದೆ. ಚಾಲಕನ ಕಾಲ ಕೆಳಗೆ ನೆಲ ಕಾಣುತ್ತದೆ. ಚಾಸಿ ನಂಬರ್ ಸ್ಪಷ್ಟ ಇದೆ. ಇನ್ನು ಇಂಜಿನ್ ಬಗ್ಗೆ ಹೇಳಿ. ಹೊಸ ಟರ್ಬೊ ಇಂಜಿನ್ ಕೂರಿಸಿ ಅಂತ ಒಬ್ಬರು ಹೇಳುತ್ತಿದ್ದಾರೆ.

ಕುಮಟಾದಿಂದ

ಬೇಡ ಮಾರಾಯ್ರೇ. ಇಂಜಿನ್ ಬದಲಿಸಲು ಸಾರಿಗೆ ಕಚೇರಿಯ ಅನುಮತಿ ಬೇಕು, ಆರ್‌ಸಿಯಲ್ಲಿ ಬರೆಸಬೇಕು. ಅದಕ್ಕಿಂತ ಮುಖ್ಯ, ನಿಮ್ಮ ಗಾಡಿಯ ಸ್ವಂತ ಇಂಜಿನ್ ಒಳ್ಳೆಯದು. ಟಾಟಾದವರು 1988ರಲ್ಲಿ ಈ ಪಿಕಪ್ ತಂದರು. ಟಾಟಾದ ಸಿಯೆರಾ, ಎಸ್ಟೇಟ್ ಕಾರುಗಳು ಹುಟ್ಟಿದ್ದು ಇದರ ತಳಹದಿಯ ಮೇಲೆ. ಇಂಜಿನ್ 483 ಡಿಎಲ್, ಅಂದರೆ 4 ಸಿಲಿಂಡರು, 83 ಮಿ.ಮೀ. ಬೋರು (ಸಿಲಿಂಡರಿನ ಒಳ ಅಗಲ), 1948 ಸಿಸಿ. ಮೊದಮೊದಲ ಸುಮೊಗಳಲ್ಲಿ ಇದ್ದದ್ದೂ ಇದೇ. ಸುಮೊ ಊರೂರಿಗೂ ಓಡಿದ ಗಾಡಿ, ಹಾಗಾಗಿ ಲೈನರು, ಪಿಸ್ಟನ್ನು, ಗ್ಯಾಸ್ಕೆಟ್ಟು ಹುಬ್ಬಳ್ಳಿಯಲ್ಲಿ ಹುಡುಕಿದರೆ ಸಿಗುತ್ತದೆ. ಅಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರೋಡು. ಬಾಗಿಲ ಹಿಡಿ, ದೀಪದ ಗಾಜು, ಬೀಡಿಂಗ್ ರಬ್ಬರು ಇವೇ ಸಿಗದ ಸಾಮಾನು. ಹಳೆಯದನ್ನು ಒಂದೂ ಎಸೆಯಬೇಡಿ. ಮುರಿದದ್ದನ್ನೂ ಡಬ್ಬಿಯಲ್ಲಿಡಿ, ಮಾದರಿಗೆ ಬೇಕು.

ಬಿಚ್ಚುವ ಮೊದಲು ಅದು ತಿರುಗುತ್ತದಾ ನೋಡಿ. ಸುಮ್ನೆ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯಬೇಡಿ. ಹೀಟರ್ ಪ್ಲಗ್ ನಾಲ್ಕೂ ಬಿಚ್ಚಿ, ಪ್ರತಿ ತೂತಿಗೆ ಸ್ವಲ್ಪ ಇಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ ಕೈಯಲ್ಲಿ ತಿರುಗಿಸಿ. ಎರಡು ಸುತ್ತು ಸಲೀಸಾಗಿ ಬಂದರೆ ಅರ್ಧ ಗೆದ್ದ ಹಾಗೆ. ಟ್ಯಾಂಕಿನ ಹಳೆ ಡೀಸೆಲ್ ಪೂರ್ತಿ ತೆಗೆದು, ಟ್ಯಾಂಕ್ ಇಳಿಸಿ ತೊಳೆಸಿ. ತಳದಲ್ಲಿ ನೀರು, ಕಪ್ಪು ಲೋಳೆ ಇದ್ದೇ ಇರುತ್ತದೆ. ಅದು ಡೀಸೆಲ್ ಪಂಪಿಗೆ ಹೋದರೆ ಪಂಪು ಹೋಯಿತು. ಪಂಪು, ಡೀಸೆಲ್ ಚಿಮ್ಮಿಸುವ ನಾಝಲ್ ಎರಡನ್ನೂ ಬೆಂಚಿನ ಮೇಲೆ ಪರೀಕ್ಷೆ ಮಾಡುವ ಅಂಗಡಿಗೇ ಕೊಡಿ, ಬೇರೆ ಯಾರ ಕೈಗೂ ಬೇಡ.

ಗೇರ್ ಬಾಕ್ಸಿನ ಆಯಿಲ್ ಹಾಲಿನ ಬಣ್ಣ ಇದ್ದರೆ ನೀರು ಸೇರಿದೆ. ಹೊಸದು ಹಾಕುವಾಗ ಜಿಎಲ್-4 ದರ್ಜೆಯ ಗೇರ್ ಆಯಿಲ್ ಕೇಳಿ. ಜಿಎಲ್-5ರಲ್ಲಿರುವ ಗಂಧಕದ ಸೇರ್ಪಡೆ ಹಳೆ ಗೇರ್ ಬಾಕ್ಸಿನ ಹಿತ್ತಾಳೆ ರಿಂಗುಗಳನ್ನು ತಿನ್ನಬಹುದು.

ಏರ್ ಫಿಲ್ಟರ್ ಡಬ್ಬಿಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ. ಅಡಿಕೆ ಇರುವಲ್ಲಿ ಇಲಿ, ಇಲಿ ಇರುವಲ್ಲಿ ಹಾವು. ವೈರು ತಿಂದಿದ್ದರೆ ಟೇಪು ಸುತ್ತುತ್ತಾ ಕೂರಬೇಡಿ, ಪೂರ್ತಿ ಹೊಸ ವೈರಿಂಗ್ ಮಾಡಿಸಿ.

ಅಂಕೋಲಾದಿಂದ

ನನ್ನದು ಮಹೀಂದ್ರಾ ಪಿಕಪ್. ನಾನೇ ಓಡಿಸುವವಳು. ಸ್ಟೇರಿಂಗ್ ಭಾರ ಅಂತ ಎಲ್ಲರೂ ಹೆದರಿಸಿದ್ದರು. ಗ್ರೀಸು ಹೊಡೆಸಿ, ಟೈರಿನ ಗಾಳಿ ಸರಿ ಇಟ್ಟರೆ ಅರ್ಧ ಭಾರ ಹೋಗುತ್ತದೆ. ನಿಂತಲ್ಲೇ ಸ್ಟೇರಿಂಗ್ ತಿರುಗಿಸಬೇಡಿ, ಗಾಡಿ ಒಂದಿಂಚು ಉರುಳುತ್ತಿರಲಿ. ಮಳೆಗಾಲದಲ್ಲೂ ವಾರಕ್ಕೊಮ್ಮೆ ಬಿಸಿಯಾಗುವಷ್ಟು ದೂರ ಹೋಗಿ ಬನ್ನಿ. ಅಂಗಳದಲ್ಲಿ ಸ್ಟಾರ್ಟ್ ಮಾಡಿ ಐದು ನಿಮಿಷಕ್ಕೆ ಬಂದ್ ಮಾಡಿದರೆ ಒಳಗೆ ತೇವ ಉಳಿಯುತ್ತದೆ. ಕಡಲ ದಂಡೆಗೆ ಹೋಗಿ ಬಂದ ದಿನವೇ ಅಡಿಭಾಗಕ್ಕೆ ಸಿಹಿನೀರು ಹೊಡೆಯಿರಿ. ಮೇ ತಿಂಗಳಲ್ಲಿ ನಮ್ಮ ತೋಟದ ಕರಿ ಈಶಾಡು ಮಾವು ತುಂಬಿಕೊಂಡು ನೆಂಟರ ಮನೆಗಳಿಗೆ ಹೋಗುವುದು ನನಗೆ ದೊಡ್ಡ ಖುಷಿ. ಬಾಡಿಗೆಗೆ ಮಾತ್ರ ಸಾಮಾನು ಹೇರಬೇಡಿ. ಖಾಸಗಿ ಗಾಡಿ, ಏನಾದರೂ ಆದರೆ ವಿಮೆ ಸಿಗುವುದಿಲ್ಲ.

ಕಾರವಾರದಿಂದ ಮತ್ತೆ

ಚಾಸಿ ಉಳಿದಿದೆ ಅಂದೆಯಲ್ಲ, ನನಗೇ ಸಮಾಧಾನ ಆಯಿತು. ಗಾಡಿ ಉಳಿಸು. ಈಗ ಕೆಲಸದ ಸಾಲು ಹೇಳುತ್ತೇನೆ.

ಬ್ರಾಕೆಟ್ ಮೊದಲು. ಹಳೆಯದರ ಮೇಲೆ ತೇಪೆ ಬೇಡ, ಕತ್ತರಿಸಿ ಹೊಸದು ಕೂರಿಸಬೇಕು. ಕ್ಯಾಬಿನ್ ನೆಲದ ತಗಡು ಹಾಕುವಾಗ ಬಾಗಿಲು ಬಿಚ್ಚಬೇಡಿ. ಬಾಗಿಲು ಹಾಕಿಟ್ಟೇ ವೆಲ್ಡ್ ಮಾಡಿಸಿ. ಇಲ್ಲದಿದ್ದರೆ ಬಿಸಿಗೆ ತಗಡು ಎಳೆದುಕೊಂಡು ಆಮೇಲೆ ಬಾಗಿಲು ಕೂರುವುದಿಲ್ಲ. ವೆಲ್ಡಿಂಗಿಗೆ ಮೊದಲು ಬ್ಯಾಟರಿ ಮತ್ತು ಡೀಸೆಲ್ ಟ್ಯಾಂಕ್ ಎರಡೂ ಗಾಡಿಯಿಂದ ದೂರ ಇರಬೇಕು.

ತುಕ್ಕಿನ ಮೇಲೆ ಪುಟ್ಟಿ ಹಾಕುವ ಡೆಂಟರನ್ನು ಅಲ್ಲೇ ನಿಲ್ಲಿಸು. ಹೊಳೆಯುವ ಕಬ್ಬಿಣ ಕಾಣುವವರೆಗೆ ಉಜ್ಜಿಸಿ, ಅದೇ ದಿನ ಎಪಾಕ್ಸಿ ಪ್ರೈಮರ್ ಹೊಡೆಸು. ಒಂದು ರಾತ್ರಿ ಬಿಟ್ಟರೂ ನಮ್ಮ ಗಾಳಿಗೆ ಕೆಂಪು ಬರುತ್ತದೆ. ಬರೀ ರೆಡ್ ಆಕ್ಸೈಡ್ ಬಳಿದು ಮಳೆಗೆ ಬಿಡಬೇಡ, ಅದು ನೀರು ಹೀರುತ್ತದೆ. ಅಡಿಭಾಗಕ್ಕೆ ಹಳೆ ಇಂಜಿನ್ ಆಯಿಲ್ ಹೊಡೆಯುವವರಿದ್ದಾರೆ. ಬುಷ್ಷು, ಹೋಸು ಎಲ್ಲ ಉಬ್ಬಿ ಹಾಳಾಗುತ್ತವೆ. ಬಣ್ಣದ ಕೆಲಸ ದೀಪಾವಳಿ ಕಳೆದ ಮೇಲೆ ಇಟ್ಟುಕೋ. ಆರ್‌ಸಿಯಲ್ಲಿ ಬರೆದ ಬಣ್ಣವನ್ನೇ ಹೊಡೆಸು, ನವೀಕರಣದ ದಿನ ತಕರಾರು ಬರುವುದಿಲ್ಲ.

ತೊಟ್ಟಿಯ ತಳಕ್ಕೆ ತಗಡಿನ ಬದಲು ಮತ್ತಿ ಮರದ ಹಲಗೆ ಹಾಕಬಹುದು. ಹಲಗೆಗಳ ನಡುವೆ ಬೆರಳು ಹೋಗುವಷ್ಟು ಸಂದು ಬಿಡಿಸು, ನೀರು ಇಳಿದು ಹೋಗಲಿ. ಕೂರಿಸುವ ಮೊದಲು ನಾಲ್ಕೂ ಬದಿಗೆ ಗೇರು ಸಿಪ್ಪೆಯ ಎಣ್ಣೆ ಬಳಿದು ಒಣಗಿಸು. ಕೈಗೆ ತಾಗಿದರೆ ಸುಟ್ಟು ಬೊಕ್ಕೆ ಬರುತ್ತದೆ, ಗ್ಲೌಸ್ ಹಾಕಿಕೊಂಡೇ ಮಾಡು. ಹಲಗೆಗೂ ಕಬ್ಬಿಣಕ್ಕೂ ನಡುವೆ ಹಳೆ ಟ್ಯೂಬಿನ ರಬ್ಬರ್ ಪಟ್ಟಿ ಇಡಲು ಮರೆಯಬೇಡ. ಮತ್ತಿ ಹಲಗೆ ಶಿರಸಿಯ ಸಾಮಿಲ್ಲಿನಲ್ಲಿ ಕೇಳು, ರಸೀದಿ ಸಮೇತ ತಗೋ.