ಪದಚರ್ಚೆ: ‘ನೋಡಿದ್ದೇನೆ’, ‘ನೋಡಿದ್ದೆ’ ಮತ್ತು ಇಂಗ್ಲಿಷಿನ ಪರ್ಫೆಕ್ಟ್ (‘ಹ್ಯಾವ್’, ‘ಹ್ಯಾಡ್’ ಸೇರಿದ) ರೂಪಗಳು

ಗುಂಪಿನ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದು, ಈಗ ಸ್ನಾತಕೋತ್ತರ ತರಗತಿಯಲ್ಲಿ ಪ್ರಬಂಧಗಳನ್ನು ಇಂಗ್ಲಿಷಿನಲ್ಲೇ ಬರೆಯಬೇಕಾದ ವಿದ್ಯಾರ್ಥಿಗಳಿಗೆ ನಾನು ವ್ಯಾಕರಣದ ಅಭ್ಯಾಸ ಮಾಡಿಸುತ್ತೇನೆ. ಅವರ ಬರವಣಿಗೆಯಲ್ಲಿ ಮೇಲಿಂದ ಮೇಲೆ ಕಾಣುವ ಒಂದು ತಪ್ಪಿನ ಬೇರು ಕನ್ನಡದ ಕ್ರಿಯಾರೂಪದಲ್ಲಿದೆ ಎಂದು ನನಗೆ ತೋರುತ್ತದೆ. ಆದ್ದರಿಂದ ನನ್ನ ಪ್ರಶ್ನೆ ಇಂಗ್ಲಿಷಿಗಿಂತ ಹೆಚ್ಚಾಗಿ ಕನ್ನಡಕ್ಕೆ ಸಂಬಂಧಿಸಿದ್ದು.

‘ನಾನು 2019ರಲ್ಲಿ ಪದವಿ ಮುಗಿಸಿದ್ದೇನೆ’ ಎಂಬುದು ಕನ್ನಡದಲ್ಲಿ ಯಾವ ತೊಡಕೂ ಇಲ್ಲದ ವಾಕ್ಯ. ಕೆಲಸಕ್ಕೆ ಹಾಕುವ ಅರ್ಜಿಗಳಲ್ಲೆಲ್ಲ ಇದೇ ರೂಪವಿರುತ್ತದೆ. ಅದನ್ನೇ ‘ಐ ಹ್ಯಾವ್ ಕಂಪ್ಲೀಟೆಡ್ ಮೈ ಡಿಗ್ರಿ ಇನ್ 2019’ ಎಂದು ಬರೆದರೆ ಇಂಗ್ಲಿಷ್ ಒಪ್ಪುವುದಿಲ್ಲ. ಇಸವಿ ಬೇಕಿದ್ದರೆ ‘ಹ್ಯಾವ್’ ಬಿಡಬೇಕು, ‘ಹ್ಯಾವ್’ ಬೇಕಿದ್ದರೆ ಇಸವಿಯನ್ನು ಬಿಡಬೇಕು. ವಿದ್ಯಾರ್ಥಿಗಳಿಗೆ ಈ ನಿಯಮ ಗೊತ್ತಿಲ್ಲವೆಂದಲ್ಲ. ಬಿಟ್ಟ ಸ್ಥಳ ತುಂಬುವ ಅಭ್ಯಾಸಗಳಲ್ಲಿ ಅವರು ಸರಿಯಾಗಿಯೇ ಬರೆಯುತ್ತಾರೆ, ಏಕೆಂದರೆ ಅಲ್ಲಿ ‘ಯೆಸ್ಟರ್‌ಡೇ’, ‘ಜಸ್ಟ್’, ‘ಆಲ್ರೆಡಿ’ ಮೊದಲಾದ ಪದಗಳೇ ಉತ್ತರವನ್ನು ತೋರಿಸಿಕೊಡುತ್ತವೆ. ಆದರೆ ಸ್ವಂತ ವಿಚಾರವನ್ನು ಬರೆಯಲು ಕುಳಿತಾಗ ಮನಸ್ಸಿಗೆ ಮೊದಲು ಬರುವುದು ‘ಮುಗಿಸಿದ್ದೇನೆ’ ಎಂಬ ಕನ್ನಡ ರೂಪ; ಅದರ ಹಿಂದೆಯೇ ‘ಹ್ಯಾವ್’ ಬಂದುಬಿಡುತ್ತದೆ. ಈ ಕಾರಣದಿಂದ, ಇಂಥ ಅಭ್ಯಾಸದ ಹಾಳೆಗಳು ಪದವಿಯ ಮಟ್ಟದವರಿಗೆ ಏನೇನೂ ಸಾಲುವುದಿಲ್ಲ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

‘ಇದ್ದೇನೆ ಎಂದರೆ ಹ್ಯಾವ್’ ಎಂಬ ಪಾಠ ಶಾಲೆಯಿಂದಲೇ ಬಂದದ್ದು, ಮತ್ತು ಅದು ಅರ್ಧ ಸರಿ. ಎರಡು ಭಾಷೆಗಳಲ್ಲಿಯೂ ಈ ರೂಪವು ಹಿಂದೆ ನಡೆದುದರ ಫಲ ಈಗಲೂ ಉಳಿದಿದೆ ಎಂಬುದನ್ನು ಸೂಚಿಸುತ್ತದೆ. ‘ನಿನ್ನೆಯೇ ಶುಲ್ಕ ಕಟ್ಟಿದ್ದೇನೆ’ ಎನ್ನುವವನು ನಿನ್ನೆಯ ಕಥೆಯನ್ನು ಹೇಳುತ್ತಿಲ್ಲ, ಈಗ ತಾನು ಬಾಕಿದಾರನಲ್ಲ ಎನ್ನುತ್ತಿದ್ದಾನೆ. ಇಲ್ಲಿಯವರೆಗೆ ಎರಡೂ ಭಾಷೆಗಳು ಜೊತೆಗೇ ನಡೆಯುತ್ತವೆ. ಕನ್ನಡವು ಆ ಫಲದ ಜೊತೆಗೆ ಘಟನೆಯ ದಿನವನ್ನೂ ಹೇಳಲು ಬಿಡುತ್ತದೆ, ಇಂಗ್ಲಿಷ್ ಬಿಡುವುದಿಲ್ಲ, ವ್ಯತ್ಯಾಸವಿರುವುದು ಅಷ್ಟರಲ್ಲಿ. ಜರ್ಮನ್ ಮತ್ತು ಫ್ರೆಂಚ್ ಭಾಷೆಗಳ ಇದೇ ಬಗೆಯ ರೂಪಗಳ ಜೊತೆಯಲ್ಲಿಯೂ ‘ನಿನ್ನೆ’ ಎಂಬರ್ಥದ ಪದ ಸಲೀಸಾಗಿ ಬರುತ್ತದೆ. ಹಾಗಾಗಿ ನಮ್ಮ ವಿದ್ಯಾರ್ಥಿಗಳ ವಾಕ್ಯವನ್ನು ತರ್ಕಕ್ಕೆ ಹೊಂದದ ವಾಕ್ಯವೆಂದು ತಿದ್ದುವುದು ಸರಿಯಲ್ಲ; ಇಲ್ಲಿ ವಿಶೇಷವಾದ ನಿರ್ಬಂಧವಿರುವುದು ಇಂಗ್ಲಿಷಿನಲ್ಲಿ. ಭಾಷಾವಿಜ್ಞಾನಿ ವೋಲ್ಫ್‌ಗಾಂಗ್ ಕ್ಲೈನ್ 1992ರಲ್ಲಿ ಈ ನಿರ್ಬಂಧವನ್ನೇ ಒಂದು ಒಗಟೆಂದು ಕರೆದು ಅದರ ಮೇಲೆ ಲೇಖನ ಬರೆದರು.

ಕನ್ನಡದ ರೂಪಕ್ಕೆ ಇನ್ನೂ ಒಂದು ಕೆಲಸವಿದೆ. ಬೆಳಿಗ್ಗೆ ಎದ್ದು ಅಂಗಳ ಒದ್ದೆಯಾಗಿರುವುದನ್ನು ಕಂಡವರು ‘ರಾತ್ರಿ ಮಳೆ ಬಂದಿದೆ’ ಎನ್ನುತ್ತಾರೆ. ಎಚ್ಚರವಿದ್ದು ಮಳೆಯ ಸದ್ದು ಕೇಳಿದವರು ‘ರಾತ್ರಿ ಮಳೆ ಬಂತು’ ಎನ್ನುತ್ತಾರೆ. ಮೊದಲನೆಯದರಲ್ಲಿ ಊಹೆಯ ಛಾಯೆಯಿದೆ. ಇಂಗ್ಲಿಷಿನಲ್ಲಿ ಅದನ್ನು ಹೇಳಲು ‘ಮಸ್ಟ್ ಹ್ಯಾವ್ ರೇನ್ಡ್’ ಎಂಬಂಥ ಬೇರೆಯೇ ರಚನೆ ಬೇಕು. ‘ಬಂದಿದೆ’ಗೆ ‘ಹ್ಯಾಸ್ ಕಮ್’ ಎಂದು ಕಲಿತವರಿಗೆ ಈ ದಾರಿಯೇ ಕಾಣುವುದಿಲ್ಲ.

ಸಂಶೋಧನಾ ಪ್ರಬಂಧದ ಪೂರ್ವಾಧ್ಯಯನ ಸಮೀಕ್ಷೆಯಲ್ಲಿ ಈ ತೊಡಕು ಎಲ್ಲಕ್ಕಿಂತ ಹೆಚ್ಚು. ‘ಕಿಟ್ಟೆಲ್ ಅವರು 1894ರಲ್ಲಿ ನಿಘಂಟನ್ನು ಪ್ರಕಟಿಸಿದ್ದಾರೆ’ ಎಂದು ನಾವು ನಿಸ್ಸಂಕೋಚವಾಗಿ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಇಸವಿಯನ್ನು ತೆಗೆದುಹಾಕಿದರೂ ‘ಕಿಟ್ಟೆಲ್ ಹ್ಯಾಸ್ ಪಬ್ಲಿಷ್ಡ್’ ಎಂಬುದು ಸರಿಹೋಗುವುದಿಲ್ಲ, ಏಕೆಂದರೆ ತೀರಿಕೊಂಡವರ ಕೆಲಸಕ್ಕೆ ಈ ರೂಪ ಸಾಮಾನ್ಯವಾಗಿ ಹೊಂದುವುದಿಲ್ಲ. ‘ಕುವೆಂಪು ಅವರು ಜ್ಞಾನಪೀಠ ಪ್ರಶಸ್ತಿ ಪಡೆದಿದ್ದಾರೆ’ ಎಂಬ ವಾಕ್ಯ ಕನ್ನಡದಲ್ಲಿ ಇಂದಿಗೂ ಸಹಜ, ಏಕೆಂದರೆ ನಮಗೆ ಆ ಗೌರವ ಉಳಿದಿದೆ. ಇಂಗ್ಲಿಷ್ ಮಾತ್ರ, ಅವರು ತೀರಿಕೊಂಡ 1994ರ ನಂತರ, ‘ರಿಸೀವ್ಡ್’ ಎಂದೇ ಬರೆಯಿಸುತ್ತದೆ. ಇದರಲ್ಲೂ ಒಂದು ಸೂಕ್ಷ್ಮವಿದೆ. ಈಗಿನ ವಿದ್ವಾಂಸರೊಬ್ಬರ ಹೆಸರಿನ ಮುಂದೆ ಆವರಣದಲ್ಲಿ ಇಸವಿಯನ್ನು ಕೊಟ್ಟು ‘ಹ್ಯಾಸ್ ಆರ್ಗ್ಯೂಡ್’ ಎಂದು ಬರೆದರೆ ತಪ್ಪಾಗುವುದಿಲ್ಲ; ಆವರಣದ ಇಸವಿ ಪುಸ್ತಕದ ಗುರುತೇ ಹೊರತು ಕ್ರಿಯೆಯ ಕಾಲವನ್ನು ಹೇಳುವ ಪದವಲ್ಲ.

ಇನ್ನು ‘ನೋಡಿದ್ದೆ’ ಎಂಬ ರೂಪ. ಮೈಸೂರಿನಲ್ಲಿ ಇನ್ನೂ ಇರುವವನು ‘ಮೈಸೂರಿಗೆ ಬಂದಿದ್ದೇನೆ’ ಎನ್ನುತ್ತಾನೆ, ಹೋಗಿ ಹಿಂತಿರುಗಿದವನು ‘ಮೈಸೂರಿಗೆ ಹೋಗಿದ್ದೆ’ ಎನ್ನುತ್ತಾನೆ. ‘ನಿನ್ನೆ ನಿಮ್ಮ ಮನೆಗೆ ಬಂದಿದ್ದೆ, ನೀವು ಇರಲಿಲ್ಲ’ ಎಂಬಲ್ಲಿ ಬಂದ ಸ್ಥಿತಿ ಈಗ ಉಳಿದಿಲ್ಲ ಎಂಬುದೇ ‘ಇದ್ದೆ’ಯ ಅರ್ಥ. ಅದರ ಬದಲು ‘ಬಂದೆ’ ಎಂದರೆ ಮುಂದಿನದನ್ನೂ ಸಾಲಾಗಿ ಹೇಳುವ ನಿರೀಕ್ಷೆ ಹುಟ್ಟುತ್ತದೆ: ಬಂದೆ, ಬಾಗಿಲು ತಟ್ಟಿದೆ, ಯಾರೂ ತೆರೆಯಲಿಲ್ಲ. ಇಂಗ್ಲಿಷಿನ ‘ಹ್ಯಾಡ್’ ಕೇಳುವುದು ಇನ್ನೊಂದನ್ನೇ. ತತ್ತ್ವಶಾಸ್ತ್ರಜ್ಞ ಹಾನ್ಸ್ ರೈಖೆನ್‌ಬಾಖ್ 1947ರಲ್ಲಿ ವಿವರಿಸಿದಂತೆ, ಮಾತಾಡುವ ಹೊತ್ತು ಮತ್ತು ಘಟನೆಯ ಹೊತ್ತು ಎಂಬ ಎರಡರ ಜೊತೆಗೆ, ನಾವು ನಿಂತು ನೋಡುವ ಮೂರನೆಯ ಹೊತ್ತೊಂದಿದೆ. ‘ಹ್ಯಾಡ್’ ಬರಬೇಕಾದರೆ ಆ ಮೂರನೆಯ ಹೊತ್ತು ಭೂತಕಾಲದಲ್ಲಿರಬೇಕು, ಘಟನೆ ಅದಕ್ಕೂ ಹಿಂದೆ ನಡೆದಿರಬೇಕು. ಅಂಥ ಹೊತ್ತನ್ನು ಎಲ್ಲಿಯೂ ಸೂಚಿಸದೆ ‘ಐ ಹ್ಯಾಡ್ ಗಾನ್ ಟು ಮೈಸೂರ್ ಯೆಸ್ಟರ್‌ಡೇ’ ಎಂದು ಬರೆದರೆ, ಓದುವವರು ‘ಯಾವುದಕ್ಕಿಂತ ಮೊದಲು?’ ಎಂದು ಕಾಯುತ್ತ ಕೂರುತ್ತಾರೆ. ‘ಹೋಗಿದ್ದೆ’ಗೆ ಇಂಗ್ಲಿಷಿನಲ್ಲಿ ಬಹುಪಾಲು ‘ವೆಂಟ್’ ಸಾಕು ಎಂದು ನಾನು ಈಗ ಹೇಳಿಕೊಡುತ್ತೇನೆ. ಜೊತೆಗೆ, ತಾವು ಬರೆದ ಕನ್ನಡ ಪರಿಚ್ಛೇದವೊಂದನ್ನೇ ಎದುರಿಗಿಟ್ಟುಕೊಂಡು ಪ್ರತಿಯೊಂದು ‘ಇದ್ದೇನೆ’, ‘ಇದ್ದೆ’ಗಳ ಕೆಳಗೂ ಗೆರೆಯೆಳೆದು, ‘ಯಾವಾಗ?’ ಎಂಬುದಕ್ಕೆ ಉತ್ತರ ವಾಕ್ಯದಲ್ಲೇ ಇದೆಯೇ ಎಂದು ಕೇಳಿಕೊಳ್ಳಿ ಎನ್ನುತ್ತೇನೆ. ಬಿಟ್ಟ ಸ್ಥಳ ತುಂಬುವುದಕ್ಕಿಂತ ಇದು ನಿಧಾನ, ಆದರೆ ಕಲಿತದ್ದು ನಿಲ್ಲುತ್ತದೆ.

‘ಐದು ವರ್ಷದಿಂದ’ ಎಂಬುದು ಇಂಗ್ಲಿಷಿನಲ್ಲಿ ತಪ್ಪಾಗಿ ‘ಸಿನ್ಸ್ ಫೈವ್ ಇಯರ್ಸ್’ ಆಗುವುದು ಎಲ್ಲರಿಗೂ ಗೊತ್ತಿರುವ ವಿಷಯ. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ನಿಮ್ಮಲ್ಲಿ ನನ್ನ ಕೇಳಿಕೆ ಇಷ್ಟು. ‘ನಿನ್ನೆ ಅವರನ್ನು ನೋಡಿದ್ದೇನೆ’ ಎಂಬ ವಾಕ್ಯ ನಿಮ್ಮ ಕಡೆಯ ಆಡುಮಾತಿನಲ್ಲಿ ಸಹಜವೇ, ಇಲ್ಲವೇ ಅರ್ಜಿ ಮತ್ತು ಪತ್ರಿಕೆಗಳ ಭಾಷೆಯಲ್ಲಿ ಮಾತ್ರ ಒಪ್ಪುವಂಥದ್ದೇ? ಧಾರವಾಡದ ಕಡೆಯವರು ‘ನೋಡೇನಿ’ ಎನ್ನುವಾಗ ‘ನಿನ್ನೆ’ಯನ್ನು ಅಷ್ಟೇ ಸಲೀಸಾಗಿ ಸೇರಿಸುತ್ತಾರೆಯೇ? ಕುಂದಾಪುರ ಮತ್ತು ಮಂಗಳೂರಿನ ಕಡೆಯವರ ಅನುಭವವೂ ಬೇಕು. ಎರಡನೆಯದಾಗಿ, ‘ಇದ್ದೇನೆ’ ರೂಪವನ್ನು ‘ಪೂರ್ಣ ವರ್ತಮಾನಕಾಲ’ ಎಂದು ಕರೆಯುವ ರೂಢಿ ಇಂಗ್ಲಿಷಿನ ಹೆಸರನ್ನು ಕನ್ನಡಕ್ಕೆ ಅಂಟಿಸಿದಂತಿದೆ, ಮತ್ತು ಆ ಹೆಸರೇ ವಿದ್ಯಾರ್ಥಿಗಳಿಗೆ ಎರಡೂ ಒಂದೇ ಎಂಬ ಭಾವನೆಯನ್ನು ಕೊಡುತ್ತದೆ. ಫಲ ಉಳಿದಿರುವುದನ್ನು ಸೂಚಿಸುವ, ತರಗತಿಯಲ್ಲಿ ಬಾಯಿಗೆ ಸುಲಭವಾಗಿ ಬರುವ ಬೇರೆ ಹೆಸರು ನಿಮಗೆ ತೋಚಿದರೆ ದಯವಿಟ್ಟು ಉದಾಹರಣೆಯೊಡನೆ ತಿಳಿಸಿ.